ನುಡಿಸದ ತಂತಿಯೂ ಸದ್ದು ಮಾಡುತ್ತದೆ: ಎಲೆಕ್ಟ್ರಿಕ್ ಗಿಟಾರ್‌ನ ಗದ್ದಲ ತಗ್ಗಿಸುವುದು ಹೇಗೆ?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಗೆ ಗಿಟಾರ್ ಕಲಿಯಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಆಂಪ್, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆ, ಕಂಡ ಕೂಡಲೇ ಗಿಟಾರ್ ಕಳಿಸುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಗೇನ್ ನಾಬನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಕಳೆದ ವರ್ಷ ಪಿಯುಸಿ ಓದುವ ಹುಡುಗಿಯೊಬ್ಬಳು, ‘ಸರ್, ಗಿಟಾರ್ ಕೆಟ್ಟಿದೆ, ಬರೀ ಗುಂಯ್‌ಗುಡುತ್ತದೆ. ಗದ್ದಲ ತಡೆಯುವ ನಾಯ್ಸ್ ಗೇಟ್ ಪೆಡಲ್ ತೆಗೆದುಕೊಳ್ಳಬೇಕಂತೆ’ ಎಂದು ಬೇಸರದಿಂದ ಬಂದಳು. ಗಿಟಾರ್‌ಗೆ ಏನೂ ಆಗಿರಲಿಲ್ಲ. ಗೇನ್ ಒಂಬತ್ತರಲ್ಲಿತ್ತು, ನಾಲ್ಕಕ್ಕೆ ಇಳಿಸಿದೆವು. ಗದ್ದಲ ಅರ್ಧಕ್ಕರ್ಧ ಹೋಯಿತು. ಉಳಿದದ್ದನ್ನು ಅವಳ ಕೈಗಳೇ ಕಲಿತು ನಿಲ್ಲಿಸಬೇಕಾಯಿತು.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ. ಗಿಟಾರ್ ಮೇಲಿನ ವಾಲ್ಯೂಮ್ ನಾಬನ್ನು ಪೂರ್ತಿ ಇಳಿಸಿ. ಗುಂಯ್‌ಗುಟ್ಟುವಿಕೆ ನಿಂತರೆ ಅದನ್ನು ಹಿಡಿದು ತರುತ್ತಿದ್ದದ್ದು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರ್‌ನ ಪಿಕಪ್. ನಿಲ್ಲದಿದ್ದರೆ ಆಂಪ್‌ನಿಂದ ಕೇಬಲ್ ಕಿತ್ತು ನೋಡಿ. ಆಗ ಸದ್ದು ಅಡಗಿದರೆ ಕೇಬಲ್ ಮೇಲೆ ಅನುಮಾನ ಪಡಬೇಕು, ಆಗಲೂ ಉಳಿದರೆ ಆಂಪ್ ಅಥವಾ ಮನೆಯ ವಿದ್ಯುತ್ ಸಂಪರ್ಕದ ಮೇಲೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಒಂದೇ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ಆ ಏರಿಳಿತವನ್ನೂ ತಂತಿಯ ಕಂಪನದ ಜೊತೆಗೇ ಹಿಡಿದುಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಒಂದರ ಗುಂಯ್ ಇನ್ನೊಂದರದ್ದನ್ನು ಅಳಿಸುವಂತೆ ಮಾಡಿದರು. ಅದೇ ಹಮ್‌ಬಕರ್. ನಿಮ್ಮದು ಸಿಂಗಲ್ ಕಾಯಿಲ್ ಆಗಿದ್ದರೆ ಕುಳಿತಲ್ಲೇ ನಿಧಾನವಾಗಿ ಪಕ್ಕಕ್ಕೆ ತಿರುಗುತ್ತಾ ಹೋಗಿ. ಯಾವುದೋ ಒಂದು ದಿಕ್ಕಿನಲ್ಲಿ ಸದ್ದು ತಟ್ಟನೆ ಕುಗ್ಗುತ್ತದೆ, ಅಭ್ಯಾಸದ ಕುರ್ಚಿಯನ್ನು ಹಾಗೆಯೇ ಹಾಕಿಕೊಳ್ಳಿ. ಮೊಬೈಲ್ ಚಾರ್ಜರ್, ಫ್ಯಾನ್ ರೆಗ್ಯುಲೇಟರ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಇವುಗಳಿಂದ ದೂರವಿರಿ. ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ನುಡಿಸುವಾಗ ಕಿರಿಕಿರಿ ಹೆಚ್ಚಾದರೆ ಗಿಟಾರನ್ನು ಶಂಕಿಸಬೇಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಆಂಪ್‌ನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್‌ಗೆ ಹೇಗೋ ಹೊಂದಿಸಿ ಚುಚ್ಚಬೇಡಿ, ಅರ್ಥ್ ಪಿನ್ನನ್ನು ಎಂದೂ ತೆಗೆಯಬೇಡಿ. ಗಿಟಾರ್‌ನ ಲೋಹದ ತಂತಿಗಳು ಆ ಅರ್ಥ್‌ಗೇ ಸೇರಿರುತ್ತವೆ, ನಿಮ್ಮ ಬೆರಳು ಆ ತಂತಿಗಳ ಮೇಲಿರುತ್ತದೆ. ತಂತಿ ಮುಟ್ಟಿದಾಗ ಚುರುಕ್ಕೆಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರೀಷಿಯನ್ ಕರೆಯಿಸಿ.

ಇನ್ನು ಗೇನ್. ಅದನ್ನು ಏರಿಸಿದಷ್ಟೂ ದೊಡ್ಡ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಸಣ್ಣ ಸದ್ದು ಮೇಲೆದ್ದು ಅದರ ಸಮಕ್ಕೆ ನಿಲ್ಲುತ್ತದೆ. ಮೀಟಿದ ಸ್ವರ ಮತ್ತಷ್ಟು ಜೋರಾಗುವುದಿಲ್ಲ, ಬೆರಳು ಜಾರಿದ ಸರಕ್ ಮಾತ್ರ ಇಡೀ ಕೋಣೆಗೆ ಕೇಳುತ್ತದೆ. ಆದ್ದರಿಂದ ಗೇನನ್ನು ಸೊನ್ನೆಗೆ ತನ್ನಿ. ಕಲಿಯುತ್ತಿರುವ ಪಾಠವನ್ನು ನುಡಿಸುತ್ತಾ ಸ್ವಲ್ಪಸ್ವಲ್ಪವೇ ಏರಿಸಿ. ಸ್ವರಕ್ಕೆ ಬೇಕಾದ ಒರಟುತನ ಬಂದಲ್ಲಿ ನಿಲ್ಲಿಸಿ, ಅಲ್ಲಿಂದ ಒಂದು ಗೆರೆ ಹಿಂದಕ್ಕೆ ಬನ್ನಿ. ಗಟ್ಟಿ ಸದ್ದು ಬೇಕಿದ್ದರೆ ಮಾಸ್ಟರ್ ವಾಲ್ಯೂಮ್ ಇದೆ.

ಈಗ ನಿಜವಾದ ಪಾಠ. ತೆಳುವಾದ ತಂತಿಯಿಂದ ಎಣಿಸಿ ಮೂರನೆಯ ತಂತಿಯನ್ನು ಏಳನೆಯ ಫ್ರೆಟ್‌ನಲ್ಲಿ (ಫ್ರೆಟ್ ಎಂದರೆ ಗಿಟಾರ್ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಒಮ್ಮೆ ಮೀಟಿ. ಎರಡು ಕ್ಷಣ ಬಿಟ್ಟು ಆ ತಂತಿಯನ್ನಷ್ಟೇ ತಡೆಯಿರಿ. ಅದೇ ಸ್ವರ ಮೆಲ್ಲಗೆ ಇನ್ನೂ ಕೇಳುತ್ತಿರುತ್ತದೆ! ನೀವು ಮುಟ್ಟಿಯೇ ಇಲ್ಲದ ನಾಲ್ಕನೆಯ ತಂತಿ ತಾನಾಗಿ ಕಂಪಿಸುತ್ತಿರುತ್ತದೆ. ಅದರ ಬಿಡಿಸ್ವರ, ಅಂದರೆ ಎಲ್ಲೂ ಒತ್ತದೆ ಬರುವ ಸ್ವರ, ಇದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನದು, ಹಾಗಾಗಿ ಇದಕ್ಕೆ ಓಗೊಡುತ್ತದೆ. ವೀಣೆ ಶೇಷಣ್ಣನವರ ಈ ಊರಿನಲ್ಲಿ ವೀಣೆಯ ಮೂರು ತಾಳದ ತಂತಿಗಳು ಬೇಕೆಂದೇ ಮಿಡಿಯುತ್ತವೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ, ಅದೂ ಗೇನ್ ಏರಿಸಿ ಸ್ವರವನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದಾಗ, ನುಡಿಸದ ಐದು ತಂತಿಗಳಿಗೂ ಕಾವಲು ಬೇಕು.

ಆ ಕಾವಲು ಹೀಗೆ: ಉಂಗುರದ ಬೆರಳು ಮೂರನೆಯ ತಂತಿಯನ್ನು ಒತ್ತಿರಲಿ, ಅದರ ತುದಿ ನಾಲ್ಕನೆಯದಕ್ಕೆ ಸೋಕಿರಲಿ. ತೋರುಬೆರಳು ಹಿಂದೆ ಮಲಗಿ ಒಂದು ಮತ್ತು ಎರಡನೆಯ ತಂತಿಗಳನ್ನು ಮುಟ್ಟಿರಲಿ, ಒತ್ತುವುದು ಬೇಡ. ಬಲ ಅಂಗೈಯ ಕಿರುಬೆರಳಿನ ಕಡೆಯ ಅಂಚು ತಂತಿಗಳ ಬುಡದಲ್ಲಿರುವ ಬ್ರಿಜ್ ಬಳಿ ಐದು, ಆರನೆಯ ದಪ್ಪ ತಂತಿಗಳ ಮೇಲೆ ಕುಳಿತಿರಲಿ. ಅಂಗೈ ಒಂದು ಬೆರಳಿನಗಲ ಮುಂದೆ ಸರಿದು ಮೂರನೆಯದಕ್ಕೂ ತಗುಲಿದರೆ ಸ್ವರ ಟಪ್ಪೆಂದು ಸಾಯುತ್ತದೆ, ಆ ಜಾಗವನ್ನು ಕೈಯೇ ಹುಡುಕಿಕೊಳ್ಳಬೇಕು. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಪ್ರತಿದಿನ ಹತ್ತು ನಿಮಿಷ, ಗೇನ್ ಇಲ್ಲದೆ ಐದು, ಗೇನ್‌ನೊಂದಿಗೆ ಐದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಸ್ವರಗಳ ನಡುವಿನ ಮೌನಕ್ಕೇ ಕಿವಿಗೊಡಿ. ನನ್ನ ವಿದ್ಯಾರ್ಥಿನಿಗೆ ಇದು ಒಲಿಯಲು ಮೂರು ವಾರ ಹಿಡಿಯಿತು.

ಇಷ್ಟಾದ ಮೇಲೂ ಬೇಕೆನಿಸಿದರೆ ನಾಯ್ಸ್ ಗೇಟ್ ತನ್ನಿ. ನುಡಿಸುವಾಗ ಹೊಮ್ಮುವ ಅನಗತ್ಯ ಸದ್ದನ್ನು ಅದು ತಡೆಯದು, ನುಡಿಸದೆ ಇರುವಾಗ ಬಾಗಿಲು ಮುಚ್ಚುತ್ತದೆ ಅಷ್ಟೆ. ಎಲ್ಲ ತಂತಿಗಳನ್ನೂ ಅಂಗೈಯಿಂದ ಮುಚ್ಚಿ, ಗುಂಯ್ ಅಡಗುವವರೆಗೆ ಮಾತ್ರ ಅದರ ಥ್ರೆಶೋಲ್ಡ್, ಅಂದರೆ ಬಾಗಿಲು ಮುಚ್ಚುವ ಸದ್ದಿನ ಮಿತಿ, ಏರಿಸಿ. ಬಳಿಕ ಒಂದು ಸ್ವರ ಮೀಟಿ ಕೊನೆಯತನಕ ಬಿಡಿ. ಬಾಲ ತುಂಡಾದಂತೆ ಕೇಳಿದರೆ ತುಸು ಇಳಿಸಿ.