‘ಟೋಟಲ್ ಲಾಸ್’ ಆದ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ

ಪುಣೆ, ಕೊಲ್ಹಾಪುರ ಕಡೆಯಿಂದ ಬೆಳಗಾವಿಗೆ ಮಾರಾಟಕ್ಕೆ ಬರುವ ಸ್ಪೋರ್ಟ್ಸ್ ಕಾರಿನ ಬೆಲೆ ಅರ್ಧಕ್ಕರ್ಧ ಇಳಿದಿದ್ದರೆ ಮೊದಲು ವಿಮೆಯ ಇತಿಹಾಸ ಕೇಳಿ. ದುರಸ್ತಿಯ ಖರ್ಚು ವಿಮೆ ಮಾಡಿದ ಮೌಲ್ಯದ ಶೇ 75 ದಾಟಿದರೆ ಕಂಪನಿ ಆ ಗಾಡಿಯನ್ನು ‘ಟೋಟಲ್ ಲಾಸ್’ ಎಂದು ಕೈಬಿಡುತ್ತದೆ. ಕ್ಲೇಮ್ ವಿವರವನ್ನು ವಿಮಾ ಕಂಪನಿಯಿಂದ ಲಿಖಿತವಾಗಿ ತರಿಸಿಕೊಡಲು ಮಾಲೀಕರಿಗೆ ಹೇಳಿ. ಹಿಂದೆಮುಂದೆ ನೋಡಿದರೆ ಅಲ್ಲಿಗೇ ಮಾತು ಮುಗಿಸಿ.

ನೆರೆಯಲ್ಲಿ ಮುಳುಗಿದ ಕಾರಾದರೆ, ಎಂಜಿನ್ ಎಷ್ಟೇ ಚೆನ್ನಾಗಿ ಓಡಲಿ, ನಾನಂತೂ ಬೇಡವೆನ್ನುತ್ತೇನೆ. 2019ರಲ್ಲಿ ಕೊಲ್ಹಾಪುರ, ಸಾಂಗ್ಲಿಯ ಸ್ಥಿತಿ ಏನಾಗಿತ್ತೆಂದು ನಮಗೆಲ್ಲ ಗೊತ್ತಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಹೊರಗೆಲ್ಲ ತೊಳೆದಿದ್ದರೂ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರುನೀರಿನ ಕಲೆ ಉಳಿದಿರಬಹುದು. ಕಾರ್ಪೆಟ್ ಎತ್ತಿ, ಸೀಟಿನ ಕೆಳಗೆ ತುಕ್ಕು ಹುಡುಕಿ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಆ ಕಾರನ್ನು ದಯವಿಟ್ಟು ನಂಬಬೇಡಿ.

ಬಂಪರ್, ಬಾಗಿಲು ಬದಲಾಗಿದ್ದರೆ ಚಿಂತೆಯಿಲ್ಲ. ಆದರೆ ಷಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಬಗ್ಗಿದ್ದರೆ ವೇಗದಲ್ಲಿ ಜೀವಕ್ಕೇ ಅಪಾಯ; ನಿಮ್ಮದೇ ಮೆಕ್ಯಾನಿಕ್‌ನಿಂದ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿ. ಮಹಾರಾಷ್ಟ್ರದ ನೋಂದಣಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಸಮಗ್ರ ವಿಮೆ ಸಿಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.