ಬರ್ಮಾಕ್ಕೆ ಹೋಗಿದ್ದ 412 ಪುಸ್ತಕಗಳು

ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ ಕಡೆಯಿಂದ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ನಮ್ಮ ಕಾಲೇಜು ಲೈಬ್ರರಿಗೆ ಬಂದಿದ್ದಳು. ಊರು ಬಿಟ್ಟು ಮುಂಬೈಗೆ ಬಂದ ಹೋಟೆಲ್ ಹುಡುಗರ ಬಗ್ಗೆ ಅವಳ ಸಂಶೋಧನೆ. "ಮೇಡಂ, ನಿಮ್ಮಲ್ಲಿ ಕನ್ನಡ ಪುಸ್ತಕ ಒಂದೂ ಇಲ್ವಾ? ಕಂಪ್ಯೂಟರ್ ಸೊನ್ನೆ ತೋರಿಸ್ತಾ ಇದೆ" ಅಂದಳು.

ನನಗೆ ನಗು ಬಂತು. ನನ್ನ ಕುರ್ಚಿಯಿಂದಲೇ ಸ್ಟ್ಯಾಕ್ ರೂಮಿನ ಎಡಗಡೆಯ ಮೂರು ಕಪಾಟು ಕಾಣುತ್ತವೆ. ಮೂರರಲ್ಲೂ ಕನ್ನಡವೇ. ನಾನು ಗದಗಿನವಳು, ಬೇಜಾರಾದಾಗ ಹೋಗಿ ಸುಮ್ನೆ ಅವುಗಳ ಮುಂದೆ ನಿಂತು ಬರುತ್ತೇನೆ.

ಆದರೆ ಭಾಷೆ ಅನ್ನೋ ಕಡೆ ಕನ್ನಡ ಆರಿಸಿದರೆ ನಿಜಕ್ಕೂ ಸೊನ್ನೆ. ಕಪಾಟಿನಿಂದ ಒಂದು ಪುಸ್ತಕ ತಂದು, ಅದರ ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿಗೆ ಬಂದಾಗ ಕೊಟ್ಟ ಕ್ರಮಸಂಖ್ಯೆ ಹಾಕಿ ನೋಡಿದೆ. ಭಾಷೆಯ ಕೋಡ್ 'ಕೆ-ಎ-ಆರ್' ಅಂತ ಇತ್ತು. ಪುಸ್ತಕದ ವಿವರ ಕಂಪ್ಯೂಟರಿನಲ್ಲಿ ದಾಖಲಿಸಲು ಲೈಬ್ರರಿಗಳು ಬಳಸುವ ಮಾರ್ಕ್ ಪದ್ಧತಿಯಲ್ಲಿ ಕನ್ನಡದ ಕೋಡ್ 'ಕೆ-ಎ-ಎನ್'. 'ಕೆ-ಎ-ಆರ್' ಅಂದರೆ ಬರ್ಮಾದ ಕರೆನ್ ಜನರ ಭಾಷೆಗಳು. ಹಿಂದೊಮ್ಮೆ ಹಳೆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದರು. ಕಾರ್ಡಿಗೆ ಇಷ್ಟು ಅಂತ ದುಡ್ಡು. ಕರ್ನಾಟಕ ಅಲ್ವಾ, ಕೆ-ಎ-ಆರ್ ಇರಬೇಕು ಅಂತ ಯಾರೋ ಹಾಕಿಬಿಟ್ಟಿದ್ದರು. ಹೀಗೆ ನಮ್ಮ 412 ಪುಸ್ತಕ ಬರ್ಮಾಕ್ಕೆ ಹೋಗಿ ಕೂತಿದ್ದವು.

ತಿದ್ದೋದು ಹತ್ತು ನಿಮಿಷದ ಕೆಲಸ. ಕೋಹಾ ಅನ್ನೋ ನಮ್ಮ ಲೈಬ್ರರಿ ಸಾಫ್ಟ್‌ವೇರಿನಲ್ಲಿ ನೂರಾರು ದಾಖಲೆ ಒಟ್ಟಿಗೆ ಬದಲಿಸಬಹುದು. ಬದಲಿಸಿಯೂಬಿಟ್ಟೆ. ಅಲ್ಲೇ ನಾನೂ ಎಡವಿದೆ. ಆ 412ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕಗಳೂ ಇದ್ದವು, ನಾಲ್ಕಾರು ತುಳುವೂ ಇದ್ದವು. ಕೊಂಕಣಿಗೆ ಬೇರೆ ಕೋಡ್ ಇದೆ. ಪಾಪ, ತುಳುವಿಗೆ ಸ್ವಂತದ್ದು ಅಂತ ಇಲ್ಲ, 'ಇತರ ದ್ರಾವಿಡ ಭಾಷೆಗಳು' ಅನ್ನುವ ಗುಂಪಿನ ಕೋಡೇ ಗತಿ. ಲಿಪಿ ನೋಡಿ ಭಾಷೆ ಅಂದುಕೊಂಡವರನ್ನು ಬೈಯುತ್ತಲೇ ನಾನೂ ಅದನ್ನೇ ಮಾಡಿದ್ದೆ. ಆಮೇಲೆ ಕಂಪ್ಯೂಟರ್ ನಂಬೋದು ಬಿಟ್ಟೆ. ಅಕ್ಸೆಷನ್ ರಿಜಿಸ್ಟರ್ ಹಿಡಿದು ಕಪಾಟಿನಿಂದ ಕಪಾಟಿಗೆ ನಡೆಯೋಣ ಅಂತ ತೀರ್ಮಾನ ಮಾಡಿದೆ. ದಿನಾ ಮಧ್ಯಾಹ್ನ 2ರಿಂದ 4. ಬರೀ ಕನ್ನಡ ಅಲ್ಲ, ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ ಎಲ್ಲ.

ಜೊತೆಗಿದ್ದವರು ನಮ್ಮ ಅಟೆಂಡರ್. ಇಲ್ಲಿ ಅಟೆಂಡರನ್ನು ಎಲ್ಲರೂ ಮಾಮಾ ಅಂತಲೇ ಕರೆಯೋದು. ರತ್ನಾಗಿರಿ ಕಡೆಯವರು. ಕನ್ನಡ, ತೆಲುಗು ಎರಡೂ ಅವರಿಗೆ 'ಜಿಲೇಬಿ'. ಅದಕ್ಕೇ ಒಂದರ ಕಪಾಟಿಗೆ ಇನ್ನೊಂದು ನುಗ್ಗಿತ್ತು. ನಾನು ಚೀಟಿಯ ಮೇಲೆ ತಲೆಕಟ್ಟು ಬರೆದು ತೋರಿಸಿದೆ. ಅಕ್ಷರದ ನೆತ್ತಿಯ ಮೇಲೆ ಪರೀಕ್ಷೆ ಪೇಪರಿನ ರೈಟ್ ಮಾರ್ಕ್ ಇದ್ದರೆ ತೆಲುಗು. ಅಡ್ಡ ಗೀಟು ಎಳೆದು ಬಲತುದಿ ಬಾಗಿಸಿದ ಹಾಗಿದ್ದರೆ ಕನ್ನಡ. ಮಾಮಾ ಕನ್ನಡಕ ಹಣೆಗೇರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಹೇ ತುಮ್ಚ, ಹೇ ತ್ಯಾಂಚ" (ಇದು ನಿಮ್ದು, ಇದು ಅವರ್ದು) ಅಂತ ಎರಡು ಗುಡ್ಡೆ ಮಾಡುತ್ತಾ ಹೋದರು. ಸಂಜೆಯೊಳಗೆ ಕನ್ನಡದ ಕಪಾಟಿನಿಂದ 37 ತೆಲುಗು ಪುಸ್ತಕ ಹೊರಬಿದ್ದವು. ಒಂದೂ ತಪ್ಪಿರಲಿಲ್ಲ.

ಹಳೆ ರಿಜಿಸ್ಟರ್ ಓದೋದೇ ಒಂದು ಮಜಾ. 1930ರ ದಶಕದ ಗುಮಾಸ್ತರು ಕನ್ನಡವನ್ನು ಇಂಗ್ಲಿಷಿನಲ್ಲಿ 'ಕ್ಯಾನರೀಸ್' ಅಂತ ಬರೆದಿದ್ದಾರೆ, ಕೆಲವು ಕಡೆ ಸಿ, ಕೆಲವು ಕಡೆ ಕೆ. ಆಮೇಲೆ ಬಂದ ಮರಾಠಿಯವರು 'ಕಾನಡಿ' ಅಂದರು. ಅಲ್ಲಿಂದ ಮುಂದೆ 'ಕನ್ನಡ'. ಹುಡುಕುವವರು ಇದರಲ್ಲಿ ಒಂದೇ ಪದ ಹೊಡೆದರೆ ಕಾಲು ಭಾಗ ಸಿಗುತ್ತದೆ ಅಷ್ಟೆ.

ಊರುಗಳ ಕಥೆ ಇನ್ನೂ ಜಾಸ್ತಿ. 1956ರವರೆಗೆ ನನ್ನ ಊರು ಮುಂಬೈ ರಾಜ್ಯದಲ್ಲೇ ಇತ್ತು. ಹಾಗಾಗಿ ಗದಗಿನ ಹತ್ತಿ ವ್ಯಾಪಾರದ ಬಗ್ಗೆ ಓದಬೇಕಾದರೆ ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥಮಾಲೆ ಮುಂಬೈ ಪ್ರೆಸಿಡೆನ್ಸಿ ಗ್ಯಾಝೆಟಿಯರಿನ 22ನೇ ಸಂಪುಟ ತೆಗೆಯಬೇಕು, 1884ರ 'ಧಾರವಾರ್'. ಬೆಳಗಾವಿ 21, ವಿಜಾಪುರ 23. ಉತ್ತರ ಕನ್ನಡ 15ನೇ ಸಂಪುಟ, 1883. ಕರ್ನಾಟಕದ ಇತಿಹಾಸಕ್ಕೆ, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ 954.87 ಅಂತ ನಂಬರ್ ಇದೆ, ಆದರೆ ಇವು ಯಾವುವೂ ಅಲ್ಲಿರಲಿಲ್ಲ. ಸೆಟ್ ಒಡೆಯಬಾರದು ಅಂತ ಎಲ್ಲವನ್ನೂ ಮುಂಬೈ ಜೊತೆಗೇ ಇಟ್ಟಿದ್ದರು. ಸರಿಯಾದದ್ದೇ. ನಾನೂ ಒಡೆಯಲಿಲ್ಲ.

ಉಡುಪಿ, ಮಂಗಳೂರು ಬೇಕಾದರೆ? ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬೈಗೆ ಕೊಟ್ಟರು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಮುಂಬೈ ಸರ್ಕಾರ ಆ ಹೆಸರನ್ನು ಕೆ ಹಾಕಿ ಬರೆಯುತ್ತಿತ್ತು, ಮದ್ರಾಸಿನವರು ಸಿ. ಹೀಗಾಗಿ 1894ರ ಸೌತ್ ಕೆನರಾ ಮ್ಯಾನ್ಯುಯಲ್ (ಜಿಲ್ಲಾ ಕೈಪಿಡಿ) ಅಕ್ಷರ ಕ್ರಮದಲ್ಲೂ ದೂರ, ಕಪಾಟಿನಲ್ಲೂ ದೂರ. ಹಳೆ ಮೈಸೂರಿನ ವಿಷಯಕ್ಕೆ 'ಮೈಸೂರು' ಅಂತಲೇ ಹುಡುಕಬೇಕು, ಯಾಕೆಂದರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನ ಕೆಳಗೆ. ನಾನು ಹಳೆ ಹೆಸರು ಯಾವುದನ್ನೂ ಅಳಿಸಲಿಲ್ಲ. ಪ್ರತಿ ದಾಖಲೆಗೆ ಇವತ್ತಿನ ಹೆಸರನ್ನೂ ವಿಷಯದ ಸಾಲಿನಲ್ಲಿ ಸೇರಿಸಿದೆ. ಹಳೆ ಕಾರ್ಡ್ ಡ್ರಾಯರಿನಲ್ಲಿ 'ಇದನ್ನು ನೋಡಿ' ಅಂತ ಬರೀ ದಾರಿ ತೋರಿಸುವ ಕಾರ್ಡು ಇರುತ್ತಿದ್ದವಲ್ಲ, ಅದೇ ಕೆಲಸ.

ಎಲ್ಲಕ್ಕಿಂತ ತಮಾಷೆ ಎಂದರೆ ಡ್ಯೂಯಿಯ 572ನೇ ನಂಬರ್. ಎಂಥೋವನ್ ಎಂಬ ಅಧಿಕಾರಿ ಮುಂಬೈ ಪ್ರಾಂತ್ಯದ ಜಾತಿ, ಬುಡಕಟ್ಟುಗಳ ಬಗ್ಗೆ 1920–22ರಲ್ಲಿ ತಂದ ಮೂರು ಸಂಪುಟಗಳು ನಮ್ಮಲ್ಲಿವೆ. ರಿಜಿಸ್ಟರಿನಲ್ಲಿ ಇವೆ, ಸಮಾಜಶಾಸ್ತ್ರದ ಕಪಾಟಿನಲ್ಲಿ ಇಲ್ಲ. ಕಳೆದುಹೋಗಿವೆ ಅಂತ ಬರೆದುಕೊಳ್ಳುವುದರಲ್ಲಿದ್ದೆ. ಮಾಮಾ ಅವನ್ನು ಸೈನ್ಸ್ ಕಡೆಯಿಂದ ಹೊತ್ತು ತಂದರು! ಹಳೆ ಡ್ಯೂಯಿಯಲ್ಲಿ 572 ಅಂದರೆ ಜನಾಂಗಗಳ ಅಧ್ಯಯನ. ಮುಂದೆ ಆ ವಿಷಯವನ್ನು ಅಲ್ಲಿಂದ ಎಬ್ಬಿಸಿ, 1996ರ ಆವೃತ್ತಿಯಲ್ಲಿ ಅದೇ ನಂಬರನ್ನು ಬಯೋಕೆಮಿಸ್ಟ್ರಿಗೆ ಕೊಟ್ಟರು. ಹೊಸ ಪುಸ್ತಕಗಳು ಬರಬರುತ್ತಾ ಎಂಥೋವನ್ ಕಿಣ್ವ, ಪ್ರೋಟೀನುಗಳ ನಡುವೆ ಸಿಕ್ಕಿಕೊಂಡಿದ್ದರು. ಬಿ.ಎಸ್ಸಿ. ಮಕ್ಕಳು ಮುಟ್ಟದ ಕಾರಣ ಹಾಳೆಗಳು ಮಾತ್ರ ಚೆನ್ನಾಗಿದ್ದವು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮುಂಬೈ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಘುರ್ಯೆಯವರ ಬಳಿ ಓದಿ, 1942ರಲ್ಲಿ ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ ತಂದ ಪುಸ್ತಕದ ಎರಡು ಪ್ರತಿ ನಮ್ಮಲ್ಲಿವೆ. ಒಂದು ಪ್ರತಿ 392ರಲ್ಲಿ, ಅಂದರೆ ಪದ್ಧತಿ ಸಂಪ್ರದಾಯಗಳ ಜೊತೆ. ಇನ್ನೊಂದು 301ರಲ್ಲಿ, ಸಮಾಜಶಾಸ್ತ್ರದ ಜೊತೆ. ಇಬ್ಬರು ಗ್ರಂಥಪಾಲಕರು, ಎರಡು ಅಭಿಪ್ರಾಯ. ಒಂದೇ ಕಡೆ ಸೇರಿಸೋಣ ಅಂತ ಲೇಬಲ್ ಕೈಯಲ್ಲಿ ಹಿಡಿದೆ. ಯಾಕೋ ಮನಸ್ಸಾಗಲಿಲ್ಲ. ಎರಡು ಬಾಗಿಲಿದ್ದರೆ ಓದುಗರಿಗೇ ಒಳ್ಳೇದು ಅಂತ ಹಾಗೇ ಬಿಟ್ಟೆ. ಇದಕ್ಕೆ ನಮ್ಮ ಪ್ರಿನ್ಸಿಪಾಲರ ಒಪ್ಪಿಗೆ ಇಲ್ಲ.

ನಡುವೆ ಮಾಟುಂಗಾದ ಒಬ್ಬ ಹೋಟೆಲ್ ಯಜಮಾನರು ಫೋನ್ ಮಾಡಿದರು. ಕುಂದಾಪುರದ ಕಡೆಯವರು. ಹೋಟೆಲ್ ಮಗನಿಗೆ ಒಪ್ಪಿಸಿ ಊರಿಗೆ ಹೊರಟಿದ್ದರು. "ಪುಸ್ತಕ ಉಂಟು ಅಮ್ಮಾ, ರದ್ದಿಗೆ ಹಾಕಲಿಕ್ಕೆ ಮನಸ್ಸಾಗುವುದಿಲ್ಲ" ಅಂದರು. ಹೋಗಿ ನೋಡಿದರೆ ಆರು ರಟ್ಟಿನ ಪೆಟ್ಟಿಗೆ. ಮೊದಲ ಮೂರರಲ್ಲಿ ಕಾದಂಬರಿ. ನಮ್ಮಲ್ಲಿ ಆಗಲೇ ಇದ್ದವೇ ಜಾಸ್ತಿ. ಉಳಿದವನ್ನು ತೆರೆಯಲು ಹೋದಾಗ, "ಅದು ಬೇಡ ಬಿಡಿ, ಬರೀ ಸಂಘದ ಕಾಗದ" ಅಂದರು.

ನನಗೆ ಬೇಕಾಗಿದ್ದದ್ದೇ ಅದು. ಕನ್ನಡ ರಾತ್ರಿ ಶಾಲೆಗಳ ವಾರ್ಷಿಕ ವರದಿ, ಸಂಘಗಳ ಸ್ಮರಣ ಸಂಚಿಕೆ, ನಾಟಕದ ಕರಪತ್ರ. ಪ್ರಕಾಶಕರು ಹೊಸ ಪುಸ್ತಕದ ಪ್ರತಿ ಕಳಿಸಬೇಕು ಅಂತ 1954ರ ಕಾಯ್ದೆಯೇ ಇದೆ, ದೇಶದ ನಾಲ್ಕು ಲೈಬ್ರರಿಗಳಿಗೆ. ಅದರಲ್ಲಿ ಒಂದು ಮುಂಬೈಯ ಸೆಂಟ್ರಲ್ ಲೈಬ್ರರಿ. ಕಾದಂಬರಿಗಳು ಹೇಗೋ ಎಲ್ಲೋ ಒಂದು ಕಡೆ ಉಳಿಯುತ್ತವೆ. ಈ ವರದಿಗಳನ್ನು ಯಾರು ಕಳಿಸುತ್ತಾರೆ? ಒಂದು ಸಂಚಿಕೆಯ ಹಿಂಬದಿಯ ಜಾಹೀರಾತುಗಳನ್ನು ತಿರುವಿದೆ. ಪುಟಕ್ಕೆ ನಾಲ್ಕು ಹೋಟೆಲ್, ಬೀದಿಯ ಹೆಸರು, ಆರಂಕಿಯ ಫೋನ್ ನಂಬರ್, ಕೆಳಗೆ ಯಜಮಾನರ ಊರು. ಯಾವ ಊರಿನವರು ಯಾವ ಬೀದಿಗೆ ಬಂದರು ಅನ್ನೋದು ಪೂರ್ತಿ ಅಲ್ಲೇ ಇದೆ. ನಾನು ಕಾದಂಬರಿ ಬಿಟ್ಟು ಮೂರು ಪೆಟ್ಟಿಗೆ ಕಾಗದ ಟ್ಯಾಕ್ಸಿಗೆ ಹಾಕಿಸಿದೆ. ಯಜಮಾನರು ಕಾಫಿ ಕೊಟ್ಟರು, ಮುಖದಲ್ಲಿ ಮಾತ್ರ ನನ್ನ ಬುದ್ಧಿಯ ಬಗ್ಗೆ ಸಂಶಯ ಇತ್ತು.

ರಾತ್ರಿ ಶಾಲೆ ವರದಿಗೆ ಯಾವ ನಂಬರ್ ಕೊಡೋದು? ವಯಸ್ಕರ ಶಿಕ್ಷಣ ಅಂದರೆ 374, ಕಾರ್ಮಿಕರು ಅಂದರೆ 331. ಎರಡು ದಿನ ಯೋಚಿಸಿ 374 ಹಾಕಿದೆ. ವಿಷಯದ ಸಾಲಿನಲ್ಲಿ ಹೋಟೆಲ್ ಕೆಲಸಗಾರರು, ಮುಂಬೈ, ದಕ್ಷಿಣ ಕನ್ನಡ, ಉಡುಪಿ ಎಲ್ಲ ತುಂಬಿಸಿದೆ. ಆ ಹುಡುಗಿಗೆ ಫೋನ್ ಮಾಡಿದೆ. ಮರುದಿನ ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಮೂರನೇ ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಮಳೆಗಾಲದ ಥಂಡಿ ಹಾಳೆಗಳಿಗೆ ಏರಿದೆ, ದೀಪಾವಳಿ ಹೊತ್ತಿಗೆ ಒಣಗಿಸಿ ನೋಡಬೇಕು.