ಹತ್ತು ಹುಣಸೆ ಬೀಜ

ನನ್ನ ಮೇಜಿನ ಖಾನೆಯಲ್ಲಿ ಒಂದು ಸಣ್ಣ ಡಬ್ಬಿ ಇದೆ. ಅದರಲ್ಲಿ ಹತ್ತು ಹುಣಸೆ ಬೀಜಗಳಿವೆ. ಉತ್ತರ ಕರ್ನಾಟಕದ ಒಂದು ಎಆರ್‌ಟಿ (ಎಚ್‌ಐವಿಯನ್ನು ಹಿಡಿತದಲ್ಲಿಡುವ ಔಷಧಿ) ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. ಎಚ್‌ಐವಿ ಇರುವವರು ಗುಳಿಗೆಗೆ ಬಂದಾಗ ನನ್ನ ಕೋಣೆಗೂ ಬಂದು ಹೋಗುತ್ತಾರೆ. ಈಗ ಅವರಲ್ಲಿ ಐವತ್ತು ದಾಟಿದವರು ಬಹಳ ಜನ. ಅವರ ಜೊತೆ ಮಾತಾಡುವುದನ್ನು ನಾನು ಹೇಗೆ ಕಲಿತೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದು ಎಂದು ವಯಸ್ಸು, ವಿವರ ಬದಲಿಸಿದ್ದೇನೆ.

ಮೊದಲೆಲ್ಲ ನಾನು ಕೇಳುತ್ತಿದ್ದದ್ದು ಇಷ್ಟೇ. ಗುಳಿಗೆ ತಪ್ಪಿಸಿದ್ರಾ? ಎಷ್ಟು ಉಳಿದಿವೆ? ಬೇರೆ ಏನಾದರೂ ಔಷಧಿ ತಗೋತಿದ್ದೀರಾ? ಹಿರಿಯರು "ಏನೂ ಇಲ್ರಿ, ಎಲ್ಲಾ ಛಲೋ ಐತಿ" ಅನ್ನುತ್ತಿದ್ದರು. ಎಣಿಸಿದರೆ ಲೆಕ್ಕ ಸರಿ ಇರುತ್ತಿತ್ತು. ಅವರ ಚಿಕಿತ್ಸೆಯ ಹಸಿರು ಪುಸ್ತಕದಲ್ಲಿ ಬರೆದು ಕಳಿಸುತ್ತಿದ್ದೆ.

ಒಂದು ದಿನ ಅರವತ್ತು ದಾಟಿದ ಒಬ್ಬ ಅವ್ವ ಬಂದರು. ಎರಡು ತಿಂಗಳಿಂದ ಹೊಟ್ಟೆ ಕೆಟ್ಟಿದೆ, ಊಟ ಸೇರುತ್ತಿಲ್ಲ. "ಆ ಜಡ್ಡು ಮತ್ತ ಎದ್ದೈತಿ. ಮುಗೀತು ನಂದು" ಅಂದರು. ಆದರೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ ಇತ್ತು. ನಮ್ಮ ಡಾಕ್ಟರು ಕೆದಕಿ ಕೇಳಿದ ಮೇಲೆ ಚೀಲದಿಂದ ಸಕ್ಕರೆ ಕಾಯಿಲೆಯ ಗುಳಿಗೆ ಹೊರಬಂತು. ಮೆಟ್‌ಫಾರ್ಮಿನ್, ದಿನಕ್ಕೆ 2000 ಮಿಲಿಗ್ರಾಂ. ನಾವು ಕೊಡುವ ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಿ ಇರುತ್ತದೆ. ಅದರಿಂದ ರಕ್ತದಲ್ಲಿ ಮೆಟ್‌ಫಾರ್ಮಿನ್ ಜಾಸ್ತಿ ಉಳಿಯುತ್ತದೆ, ಜಾಸ್ತಿಯಾದರೆ ಹೊಟ್ಟೆ ಕೆಡಬಹುದು. ಎರಡೂ ಇದ್ದಾಗ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರದ ಹಾಗೆ ನೋಡಿಕೊಳ್ಳುತ್ತಾರೆ. (ಇದನ್ನು ಓದಿ ಯಾರೂ ಸುಮ್ನೆ ಗುಳಿಗೆ ಕಡಿಮೆ ಮಾಡಬೇಡಿ. ಅದನ್ನು ಡಾಕ್ಟರೇ ಮಾಡಬೇಕು.)

"ಬೇರೆ ಔಷಧಿ ಬಗ್ಗೆ ನಾನು ಪ್ರತಿ ಸಲ ಕೇಳಿದ್ದೆ ಅಲ್ವಾ ಅವ್ವ?" ಅಂದೆ.

"ಅದು ಸಕ್ಕರಿದು. ಅದಕೂ ಇದಕೂ ಏನ ಸಂಬಂಧ ಯವ್ವಾ?"

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ. ಸಕ್ಕರೆ ನಾಲ್ಕು ಜನರ ಮುಂದೆ ಹೇಳಬಹುದಾದ ಕಾಯಿಲೆ. ಅದರ ಗುಳಿಗೆ ಟಿವಿ ಪಕ್ಕ ಇರುತ್ತದೆ. ಇದರ ಡಬ್ಬಿ ಇರುವುದು ಜೋಳದ ಚೀಲದ ಹಿಂದೆ. ಸಕ್ಕರೆಯ ಡಾಕ್ಟರಿಗೂ ಎಚ್‌ಐವಿ ವಿಷಯ ಗೊತ್ತಿರಲಿಲ್ಲ. ಅವ್ವನ ಒಪ್ಪಿಗೆ ಪಡೆದು ಅವರಿಗೆ ಪತ್ರ ಬರೆದೆವು. ಗುಳಿಗೆ ಇಳಿಸಿದ ಮೇಲೆ ಹೊಟ್ಟೆ ಸರಿಯಾಯಿತು.

ಆಮೇಲೆ ನಾನು ಓದಲು ಶುರು ಮಾಡಿದೆ. ಹೊವಾರ್ಡ್ ಲೆವೆಂಥಾಲ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ ನನಗೆ ದಾರಿ ತೋರಿಸಿತು. ಕಾಯಿಲೆ ಬಂದವರು ಅದರ ಬಗ್ಗೆ ತಮ್ಮದೇ ಒಂದು ತಿಳುವಳಿಕೆ ಕಟ್ಟಿಕೊಳ್ಳುತ್ತಾರೆ. ಇದು ಏನು, ಯಾಕೆ ಬಂತು, ಎಷ್ಟು ದಿನ ಇರುತ್ತದೆ, ಏನು ಮಾಡುತ್ತದೆ, ಹಿಡಿತಕ್ಕೆ ಬರುತ್ತದಾ ಅಂತ. ಅವರು ನಡೆದುಕೊಳ್ಳುವುದು ಆ ತಿಳುವಳಿಕೆಯ ಪ್ರಕಾರ. ಇದನ್ನು ಅಳೆಯಲು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಒಂದು ಸಣ್ಣ ಪ್ರಶ್ನಾವಳಿ ಇದೆ. ಅದನ್ನು ಕನ್ನಡದಲ್ಲಿ ಕೇಳಿ ನೋಡಿದೆ. ನಮ್ಮ ಹಿರಿಯರು ಚಿಂತೆಗೆ ಅಂಕ ಹಾಕಲು ತಡವರಿಸಿದರು. ಸಾಲಿ ಪರೀಕ್ಷೆಗೆ ಕೂತವರ ಹಾಗೆ ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದರು.

ಆಗ ಬೀಜ ತಂದೆ. ಅಳಗುಳಿಮಣೆ, ಚೌಕಾಬಾರ ಆಡಿ ಬೆಳೆದ ಕೈಗಳಿಗೆ ಹುಣಸೆ ಬೀಜ ಹೊಸದಲ್ಲ. ಹಾಳೆಯ ಮೇಲೆ ಐದು ಚಿತ್ರ ಬರೆದೆ: ಗುಳಿಗೆ ಡಬ್ಬಿ, ಮೊಣಕಾಲು, ಮನೆ-ಮಕ್ಕಳು, ರೊಕ್ಕ, ಮಂದಿ. "ಯಾವುದು ಎಷ್ಟು ಭಾರ ಅನಿಸುತ್ತೋ ಅಷ್ಟು ಬೀಜ ಇಡಿ" ಅನ್ನುತ್ತೇನೆ. ಇಡುವಾಗ ನಾನು ಮಾತಾಡುವುದಿಲ್ಲ. ಇಟ್ಟ ಮೇಲೆ ಜಾಸ್ತಿ ಇರುವ ಕಡೆ ಬೆರಳಿಟ್ಟು "ಇದರ ಬಗ್ಗೆ ಹೇಳಿ" ಅಂತ ಕೇಳುತ್ತೇನೆ.

ಡಬ್ಬಿಯ ಮೇಲೆ ಹೆಚ್ಚು ಬೀಳುತ್ತವೆ ಅಂದುಕೊಂಡಿದ್ದೆ. ಬಿದ್ದದ್ದು ಮಂದಿಯ ಮೇಲೆ. ಒಬ್ಬ ಅಜ್ಜ ಏಳು ಬೀಜ ಅಲ್ಲೇ ಇಟ್ಟರು. "ಸತ್ತ ಮ್ಯಾಲೆ ನನ್ನ ಮೈ ತೊಳಿಯಾಕ ಯಾರರ ಬರ್ತಾರೇನ್ರಿ?" ಅಂದರು. ಸಾವಿನ ಭಯ ಅವರಿಗೆ ಇರಲಿಲ್ಲ. ಮುಟ್ಟಿದರೆ ಇದು ಹರಡುವುದಿಲ್ಲ, ಗಾಯ, ರಕ್ತ ಇದ್ದರೆ ಕೈಗವಸು ಹಾಕಿಕೊಂಡರೆ ಸಾಕು ಅಂತ ಹೇಳಿದೆ. ಅವರು ಒಪ್ಪಿದ ಮೇಲೆ ಮಗನನ್ನು ಕರೆಸಿ ಅದನ್ನೇ ಹೇಳಿದೆ.

ಇನ್ನೊಬ್ಬ ಕಾಕಾ ಹಿಂದೆ ಲಾರಿ ಓಡಿಸುತ್ತಿದ್ದವರು. ಸರ್ಪಸುತ್ತು ಎದ್ದ ಮೇಲೆ ಪರೀಕ್ಷೆ ಆಗಿ, ಅರವತ್ತೆರಡಕ್ಕೆ ಗೊತ್ತಾಯಿತು. ಅಷ್ಟು ದಿನ ತೂಕ ಇಳಿದದ್ದನ್ನು ಎಲ್ಲರೂ ವಯಸ್ಸಿನ ಮೇಲೆ ಹಾಕಿದ್ದರು. "ಮಾಡಿದ್ದುಣ್ಣೋ ಮಹಾರಾಯ. ಉಂಡು ತೀರಿಸ್ತೀನಿ, ಗುಳಿಗಿ ಯಾಕ?" ಅಂತ ಕೂತರು. ಕರ್ಮದ ಬಗ್ಗೆ ನಾನು ವಾದ ಮಾಡಲಿಲ್ಲ. ವಾದ ಮಾಡಿ ಯಾರನ್ನೂ ಗೆದ್ದಿಲ್ಲ ನಾನು. "ನೀವು ಮಲಗಿದರೆ ಸೇವೆ ಮಾಡುವವರು ಯಾರು?" ಅಂತ ಮಾತ್ರ ಕೇಳಿದೆ. ಹೆಂಡತಿಯನ್ನು ನೆನೆದು ಸುಮ್ಮನಾದರು. ಮುಂದಿನ ವಾರ ಗುಳಿಗೆ ಶುರು ಮಾಡಿದರು.

ಆದರೆ ನನಗೆ ಜಾಸ್ತಿ ಕಲಿಸಿದ್ದು ಬೇರೊಬ್ಬ ಅವ್ವ. ತಮಗೆ ಎಚ್‌ಐವಿ ಇದೆ ಅಂತ ಅವರಿಗೆ 2003ರಲ್ಲಿ ಗೊತ್ತಾಗಿತ್ತು. ಗಂಡ ಅಷ್ಟರಲ್ಲಿ ತೀರಿಹೋಗಿದ್ದರು. ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ, ಅದೂ ಮೊದಲು ದೇಶದ ಕೆಲವೇ ಆಸ್ಪತ್ರೆಗಳಲ್ಲಿ. ಹೆಚ್ಚೆಂದರೆ ಐದು ವರ್ಷ ಅಂತ ಇವರಿಗೆ ಹೇಳಿದ್ದರು. ಅವರು ಆ ಐದು ವರ್ಷಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡರು. ಎರಡು ಎಕರೆ ಹೊಲ ಮಾರಿದರು. ಮಗಳ ಸಾಲಿ ಬಿಡಿಸಿ, ಹದಿನಾರಕ್ಕೇ ಲಗ್ನ ಮಾಡಿದರು. ಆಮೇಲೆ ಗುಳಿಗೆ ಸಿಕ್ಕಿತು. ಆಗಿನ ಸ್ಟಾವುಡಿನ್ ಗುಳಿಗೆಯಿಂದ ಗಲ್ಲದ ಕೊಬ್ಬು ಕರಗಿ ಮುಖ ಒಳಗೆ ಹೋಯಿತು. ಆ ಗುಳಿಗೆ ನಿಂತು ವರ್ಷಗಳಾದರೂ ಗಲ್ಲ ತುಂಬಿಲ್ಲ. ವರದಿಯಲ್ಲಿ ವೈರಸ್ ಕಾಣದಿದ್ದರೂ ಕನ್ನಡಿಯಲ್ಲಿ ಅವರಿಗೆ ದಿನಾ ಕಾಣುತ್ತದೆ.

ಒಂದು ಸಲ ನಾನು ಖುಷಿಯಿಂದ "ಅವ್ವ, ಹೀಗೇ ಗುಳಿಗೆ ತಗೊಂಡರೆ ಇನ್ನೂ ಬಹಳ ವರ್ಷ ಬದುಕ್ತೀರಿ" ಅಂದೆ. ಅವರು ಅತ್ತುಬಿಟ್ಟರು. "ಬದುಕ್ತೀನಿ ಅಂತ ಆವಾಗ ಯಾಕ ಹೇಳಲಿಲ್ಲ? ಮಗಳ ಸಾಲಿ ಬಿಡಿಸಿದ್ನೆಲ್ಲ ನಾ."

ನನ್ನ ಬಳಿ ಉತ್ತರ ಇರಲಿಲ್ಲ. ಅವರ ಕೈ ಹಿಡಿದು ಕೂತೆ. ಆ ದಿನ ಅವರ ಹತ್ತರಲ್ಲಿ ಎಂಟು ಬೀಜ ಮನೆ-ಮಕ್ಕಳ ಮೇಲಿದ್ದವು. ನಾನು ಇಷ್ಟು ವರ್ಷ ಮಾತಾಡುತ್ತಿದ್ದದ್ದು ಒಂದು ಬೀಜ ಬಿದ್ದ ಡಬ್ಬಿಯ ಬಗ್ಗೆ.

ಮುಂದಿನ ತಿಂಗಳು ನಿಧಾನವಾಗಿ ಹೇಳಿದೆ. ಆಗ ನಮ್ಮ ಕಡೆ ಗುಳಿಗೆ ಕೈಗೆ ಸಿಗುತ್ತಿರಲಿಲ್ಲ, ಡಾಕ್ಟರಿಗೆ ಕಂಡಿದ್ದೂ ಸಾವೇ, ನೀವು ಮಾಡಿದ್ದು ಮಗಳು ಒಂಟಿಯಾಗಬಾರದು ಅಂತ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಇದನ್ನ ಆಕಿ ಮುಂದ ಹೇಳ್ತೀರೇನು?" ಅಂದರು. ನೀವೇ ಹೇಳಿ, ನಾನು ಪಕ್ಕದಲ್ಲಿ ಇರುತ್ತೇನೆ ಅಂದೆ. ಮಗಳು ಬಂದಳು. ತಾಯಿ ಹೇಳಿದರು. ಮಗಳು ಏನಂದಳು ಅನ್ನುವುದು ಅವರಿಬ್ಬರಿಗೇ ಸೇರಿದ್ದು.

ಈ ವರ್ಷ ಮತ್ತೆ ಬೀಜ ಕೊಟ್ಟೆ. ಡಬ್ಬಿಗೆ ಒಂದು, ಮಂದಿಗೆ ಒಂದು, ಮಕ್ಕಳಿಗೆ ಎರಡು. ಉಳಿದ ಆರೂ ಮೊಣಕಾಲಿನ ಮೇಲೆ. "ಮಗಳ ಊರಿನ ಬಸ್ ಹತ್ತಾಕ ಆಗವಲ್ದು. ಈ ಕಾಲಿಗೆ ಏನರ ಮಾಡ್ರಿ" ಅಂದರು. ಡಾಕ್ಟರು ಮೂಳೆ ವಿಭಾಗಕ್ಕೆ ಚೀಟಿ ಬರೆದರು. ಅಲ್ಲಿ ಕ್ಯಾಲ್ಸಿಯಂ ಕೊಟ್ಟರೆ ನಮ್ಮ ಗುಳಿಗೆಯ ಜೊತೆ ಖಾಲಿ ಹೊಟ್ಟೆಯಲ್ಲಿ ಬೇಡ, ಒಟ್ಟಿಗೆ ತಗೊಳ್ಳುವುದಾದರೆ ಊಟದ ಜೊತೆ ಅಂತ ಹೇಳಿಕೊಟ್ಟೆ. ಅವರು ಎರಡು ಸಲ ಹೇಳಿ ಒಪ್ಪಿಸಿ, ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಮೇಜು ಹಿಡಿದುಕೊಂಡು ಎದ್ದರು.